ಡಿಕ್ಕಿಯಲ್ಲಿ ಮನುಷ್ಯರು ಕೂರುತ್ತಿದ್ದರು: ಕೂಪೆ ಮತ್ತು ಎಸ್‌ಯುವಿ ಸೀಟಿನ ಕಥೆ

ಕಾರಿನ ಹಿಂದೆ ಚೀಲ, ಸೂಟ್‌ಕೇಸ್ ಇಡುವ ಜಾಗಕ್ಕೆ ನಾವೆಲ್ಲ ಡಿಕ್ಕಿ ಎನ್ನುತ್ತೇವೆ. (ಗಾಡಿಗೆ ಗಾಡಿ ಹೊಡೆಯುವ ಡಿಕ್ಕಿ ಬೇರೆ ಪದ.) ಈ ಡಿಕ್ಕಿ ಇಂಗ್ಲಿಷರಿಂದ ಬಂದದ್ದು. ಅವರ ಕುದುರೆ ಸಾರೋಟಿನ ಹಿಂದೆ, ಹೊರಗಡೆ, ಆಳುಗಳು ಕೂರುವ ಸೀಟಿಗೆ ಡಿಕ್ಕಿ ಎಂಬ ಹೆಸರಿತ್ತು. ಆಮೇಲೆ ಕಾರು ಬಂತು. ಇಬ್ಬರೇ ಕೂರುವ ಕೂಪೆ ಕಾರಿನ ಹಿಂಭಾಗದ ಮುಚ್ಚಳ ಎತ್ತಿದರೆ ಒಳಗಿಂದ ಒಂದು ಸೀಟು ತೆರೆದುಕೊಳ್ಳುತ್ತಿತ್ತು. ಯಜಮಾನರು ಮಾಡಿನ ಕೆಳಗೆ, ಹೆಚ್ಚಿನವರು ಹೊರಗೆ, ಬಿಸಿಲು ಧೂಳಿನಲ್ಲಿ. 1928ರಿಂದ 1931ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಎ ಕೂಪೆಗಳಲ್ಲೂ ಇಂಥ ಸೀಟು ಸಿಗುತ್ತಿತ್ತು. ತಮಾಷೆಗೆ ಅದನ್ನು ಅತ್ತೆ ಸೀಟು ಎಂದೂ ಕರೆಯುತ್ತಿದ್ದರು. ಸೊಸೆಯಂದಿರೋ ಅಳಿಯಂದಿರೋ, ಯಾರು ಇಟ್ಟ ಹೆಸರೋ!

ಕೂಪೆ ಎಂಬ ಪದವೇ ಫ್ರೆಂಚಿನಲ್ಲಿ 'ಕತ್ತರಿಸಿದ್ದು' ಎಂಬ ಅರ್ಥದ್ದು. ಹಳೆಯ ದೊಡ್ಡ ಸಾರೋಟಿನಲ್ಲಿ ಎದುರುಬದುರು ಎರಡು ಸೀಟು ಇರುತ್ತಿದ್ದವು. ಅದರಲ್ಲಿ ಒಂದನ್ನು ಕತ್ತರಿಸಿ ತೆಗೆದು, ಇಬ್ಬರಿಗಷ್ಟೇ ಜಾಗ ಉಳಿಸಿದ ಗಾಡಿಯೇ ಕೂಪೆ. ಅಂದರೆ ಈ ಗಾಡಿ ಹುಟ್ಟಿದ್ದೇ ಒಂದಿಷ್ಟು ಜನರನ್ನು ಇಳಿಸಿ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಮುಂದೆ ಇದಕ್ಕೊಂದು ಅಳತೆಯನ್ನೂ ಇಟ್ಟಿತು: ಹಿಂದಿನ ಸೀಟಿನ ಭಾಗದಲ್ಲಿ 33 ಘನ ಅಡಿಗಿಂತ ಕಡಿಮೆ ಜಾಗ ಇದ್ದರೆ ಕೂಪೆ, ಅದಕ್ಕಿಂತ ಹೆಚ್ಚಿದ್ದರೆ ಸೆಡಾನ್.

ಎಸ್‌ಯುವಿಯ ಬೇರು ಬೇರೆ ಕಡೆ ಇದೆ. ಎರಡನೇ ಮಹಾಯುದ್ಧಕ್ಕಾಗಿ ಮಾಡಿದ ವಿಲ್ಲಿಸ್ ಜೀಪಿನಲ್ಲಿ ಸುಖದ ಮಾತೇ ಇರಲಿಲ್ಲ. ತೆಳ್ಳನೆಯ ಮೆತ್ತೆ, ಬಾಗಿಲಿಲ್ಲ, ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲೇ. ಎಣ್ಣೆ ಹಾಕಬೇಕೆಂದರೆ ಡ್ರೈವರ್ ಎದ್ದು ಮೆತ್ತೆ ಎತ್ತಬೇಕಿತ್ತು. 1947ರಲ್ಲಿ ಮಹೀಂದ್ರಾದವರು ಈ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. ಮುಂದೆ ನಮ್ಮ ಜೀಪುಗಳು ಉದ್ದವಾದವು, ಹಿಂದೆ ಎರಡು ಅಡ್ಡ ಬೆಂಚು ಬಂದವು. ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಇದೇ ಗಾಡಿ.

ಕೂಪೆ ಜನರನ್ನು ಇಳಿಸಿತು, ಜೀಪು ಹತ್ತಿಸಿಕೊಂಡಿತು. ಆದರೆ ಹತ್ತಿಸಿಕೊಂಡದ್ದೆಲ್ಲ ಸುಖವಲ್ಲ. ಅಡ್ಡ ಬೆಂಚಿನಲ್ಲಿ ಕೂತರೆ ಬ್ರೇಕ್ ಹಾಕಿದಾಗ ಬೆನ್ನಿಗೆ ಆಸರೆ ಸಿಗುವುದಿಲ್ಲ, ದೇಹ ಪಕ್ಕಕ್ಕೆ ವಾಲುತ್ತದೆ, ತಲೆಗೂ ಆಧಾರವಿಲ್ಲ. ಜೊತೆಗೆ ಆ ಬೆಂಚು ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ಗುಂಡಿಯ ಏಟು ನೇರ ಸೊಂಟಕ್ಕೆ. ಮುಂದೆ ಯಾರು, ಹಿಂದೆ ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಊರ ಹಿರಿಯರು, ಹಿಂದೆ ಹೆಂಗಸರು ಮಕ್ಕಳು.

ಈ ಎರಡು ದಾರಿ ನಮ್ಮ ದೇಶದ ಒಂದೇ ಕಂಪನಿಯಲ್ಲಿ ಎದುರಾದದ್ದು 1990ರ ದಶಕದಲ್ಲಿ. ಟಾಟಾದವರ ಪಿಕಪ್ ಗಾಡಿಯನ್ನು ಆಧರಿಸಿ 1991ರಲ್ಲಿ ಸಿಯೆರಾ ಬಂತು. ಹೆಸರಿಗೆ ಎಸ್‌ಯುವಿ, ಗುಣದಲ್ಲಿ ಕೂಪೆ. ಪಕ್ಕಕ್ಕೆ ಎರಡೇ ಬಾಗಿಲು. ಹಿಂದೆ ಹೋಗಬೇಕೆಂದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಹಿಂದಿನ ದೊಡ್ಡ ಬಾಗಿದ ಗಾಜು ನೋಡಲು ಚೆಂದ, ಆದರೆ ತೆರೆಯುತ್ತಿರಲಿಲ್ಲ. ಸೀರೆ ಉಟ್ಟ ಅಜ್ಜಿ ಅದರಲ್ಲಿ ಹತ್ತಿಳಿಯುವುದನ್ನು ಊಹಿಸಿ ನೋಡಿ. 1994ರಲ್ಲಿ ಅದೇ ಟಾಟಾದವರು ಸುಮೋ ತಂದರು. ಡಬ್ಬದಂಥ ಮೈ, ನಾಲ್ಕು ಬಾಗಿಲು, ಹಿಂದೊಂದು ಬಾಗಿಲು, ಹತ್ತು ಜನಕ್ಕೆ ಸೀಟು. ಚೆಂದ ಇರಲಿಲ್ಲ, ಆದರೂ ಊರೂರಿಗೆ ಹೋದದ್ದು ಸುಮೋ. ಸಿಯೆರಾ ಪೇಟೆಯ ಕೆಲವರ ಮನೆ ಮುಂದೆ ನಿಂತಿತು.

ಹಾಗೆಂದು ಕೂಪೆಯ ಸೀಟು ಕೆಟ್ಟದು ಎಂದು ನಾವು ಹೇಳುವುದಿಲ್ಲ. ಮುಂದಿನ ಎರಡು ಸೀಟಿನ ಮಟ್ಟಿಗೆ ಅದೇ ಮೇಲು. ಸೀಟಿನ ಅಂಚು ಎರಡೂ ಪಕ್ಕದಿಂದ ದೇಹವನ್ನು ಹಿಡಿದುಕೊಳ್ಳುತ್ತದೆ, ಗಾಡಿ ನೆಲಕ್ಕೆ ಹತ್ತಿರವಿರುವುದರಿಂದ ತಿರುವಿನಲ್ಲಿ ತೂಗಾಟ ಕಡಿಮೆ. ಎತ್ತರದ ಗಾಡಿಯಲ್ಲಿ ಘಾಟಿ ಹತ್ತುವಾಗ ಕೊನೆ ಸಾಲಿನವರು ನಿಂಬೆಹಣ್ಣು ಮೂಸುತ್ತಾ ಕೂರುವುದನ್ನು ನೀವೂ ನೋಡಿದ್ದೀರಿ. ಆದರೆ ಕೂಪೆಯಲ್ಲಿ ಕೂರುವುದೆಂದರೆ ಮಣೆಯ ಮೇಲೆ ಕಾಲು ಚಾಚಿ ಕೂತಂತೆ. ಎಸ್‌ಯುವಿಯಲ್ಲಿ ಕೂರುವುದು ಜಗಲಿ ಅಂಚಿನಲ್ಲಿ ಕಾಲು ಇಳಿಬಿಟ್ಟಂತೆ. ಇಪ್ಪತ್ತರ ಹುಡುಗನಿಗೆ ಎರಡೂ ಒಂದೇ. ಮಂಡಿ ನೋವಿನವರಿಗೆ ಮಣೆಯಿಂದ ಏಳುವುದೇ ದೊಡ್ಡ ಕೆಲಸ. ಸೀಟು ನಿಂತವರ ಸೊಂಟದ ಮಟ್ಟಕ್ಕೆ ಹತ್ತಿರವಿದ್ದರೆ ಬಗ್ಗುವುದೂ ಬೇಡ, ಹತ್ತುವುದೂ ಬೇಡ, ಪಕ್ಕಕ್ಕೆ ಸರಿದು ಕೂತರಾಯಿತು. ತೀರಾ ಎತ್ತರದ ಗಾಡಿಯಾದರೆ ಅದಕ್ಕೂ ಮೆಟ್ಟಿಲು ಬೇಕು, ಹಿಡಿಯಲು ಹಿಡಿಕೆ ಬೇಕು.

ಈಗ ಎರಡನ್ನೂ ಬೆರೆಸಿದ ಗಾಡಿಗಳು ಬಂದಿವೆ. 2024ರಲ್ಲಿ ಬಂದ ಟಾಟಾ ಕರ್ವ್‌ ಅನ್ನು ಎಸ್‌ಯುವಿ ಕೂಪೆ ಎನ್ನುತ್ತಾರೆ. ಬಾಗಿಲು ನಾಲ್ಕಿವೆ, ಯಾರನ್ನೂ ಇಳಿಸಿಲ್ಲ. ಆದರೆ ಮಾಡು ಹಿಂದಕ್ಕೆ ಇಳಿಜಾರು. ಇಂಥ ಇಳಿಜಾರಿನಲ್ಲಿ ಮೊದಲು ಕಡಿಮೆಯಾಗುವುದು ಹಿಂದೆ ಕೂತವರ ತಲೆಯ ಮೇಲಿನ ಜಾಗ. ಪಟಗಾ ಸುತ್ತಿದ ಎತ್ತರದ ಅಜ್ಜನನ್ನು ಶೋರೂಮಿಗೆ ಕರೆದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿ. ಮಾರುವವರು ಸಾಮಾನ್ಯವಾಗಿ ನಿಮ್ಮನ್ನು ಕೂರಿಸುವುದು ಸ್ಟೇರಿಂಗ್ ಮುಂದೆ.

2025ರ ಕೊನೆಗೆ ಸಿಯೆರಾ ಹೆಸರು ಮತ್ತೆ ಬಂತು. ಹಳೆಯ ಬಾಗಿದ ಗಾಜಿನ ನೆನಪಿಗೆ ಅದೇ ಜಾಗದಲ್ಲಿ ಕಪ್ಪು ಬಣ್ಣದ ಆಕಾರ ಉಳಿಸಿದ್ದಾರೆ. ಈ ಸಲ ಹಿಂದೆ ಕೂರುವವರಿಗೂ ಬಾಗಿಲು ಇಟ್ಟಿದ್ದಾರೆ.