ಈಶ್ವರಿ ಬೇರಿನ ಜಾಡು ಹಿಡಿದು

ರಾಮನಗರದ ರೇಷ್ಮೆ ಬೆಳೆಗಾರರು ಹೆಸರು ಹೇಳಲೂ ಅಂಜುವ ರೋಗ ಸುಣ್ಣಕಟ್ಟು. ಬೂಷ್ಟು ತಗುಲಿದ ಹುಳು ಮೇವು ಬಿಟ್ಟು ಸಾಯುತ್ತದೆ, ಸೆಟೆದು ಗಟ್ಟಿಯಾಗುತ್ತದೆ, ಮೈಯೆಲ್ಲ ಬೆಳ್ಳಗಾಗುತ್ತದೆ. ಅಂಥ ಹುಳುಗಳನ್ನು ಆರಿಸಿ ಸುಟ್ಟು, ಹುಳುಮನೆ ತೊಳೆದು, ಮುಂದಿನ ಬೆಳೆಗಾದರೂ ಇದು ಅಂಟದಿರಲಿ ಎಂದು ಬೇಡಿಕೊಳ್ಳುತ್ತಾರೆ. ಚೀನಾದ ಅಧಿಕೃತ ಔಷಧಕೋಶದಲ್ಲಿ ಇದೇ ಸತ್ತ ಹುಳುವಿಗೆ ಒಂದು ಸ್ಥಾನವಿದೆ. ಅಲ್ಲಿ ಅದರ ಹೆಸರು ಜಿಯಾಂಗ್‌ಚಾನ್. ಸೆಳವಿಗೆ, ಗಂಟಲು ನೋವಿಗೆ ಶತಮಾನಗಳಿಂದ ಕೊಟ್ಟುಕೊಂಡು ಬಂದಿದ್ದಾರೆ. ಈಗ ಗಡ್ಡೆ ಕರಗಿಸುತ್ತೇವೆ ಎನ್ನುವ ಕಷಾಯಗಳಿಗೂ ಸೇರಿಸುತ್ತಾರೆ.

ರೇಷ್ಮೆಯ ಬಗ್ಗೆ ಓದುತ್ತಿದ್ದವನಿಗೆ ಸಿಕ್ಕ ಈ ಒಂದು ಸಾಲು ನನ್ನನ್ನು ಬೇರೆ ಕಡೆಗೆ ಎಳೆದುಕೊಂಡು ಹೋಯಿತು. ಚೀನಾ ಎಂದರೆ ನಮ್ಮವರಿಗೆ ಗೂಡಿನ ಧಾರಣೆ ಇಳಿಸುವ ಅಗ್ಗದ ರೇಷ್ಮೆ, ಚನ್ನಪಟ್ಟಣದ ಗೊಂಬೆಗೆ ಪೈಪೋಟಿ ಕೊಡುವ ಪ್ಲಾಸ್ಟಿಕ್ ಗೊಂಬೆ. ಆದರೆ ಕ್ಯಾನ್ಸರ್ ಬಂದ ಮನೆಯಲ್ಲಿ ಅವರು ಆಡುವ ಮಾತೂ ನಾವು ಆಡುವ ಮಾತೂ ಹೆಚ್ಚು ಕಡಿಮೆ ಒಂದೇ. ಬೇರಿನ ಮದ್ದಿಗೆ ಅಡ್ಡಪರಿಣಾಮ ಇಲ್ಲ. ಗಡ್ಡೆಗೆ ಸೂಜಿ ಚುಚ್ಚಿದರೆ ಹರಡುತ್ತದೆ. ಮೊದಲು ನಾಟಿ ಔಷಧಿ ನೋಡೋಣ, ಆಸ್ಪತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಮಾತುಗಳಿಗೆ ದಾಖಲೆಗಳು ಏನು ಹೇಳುತ್ತವೆ ಎಂದು ನೋಡಲು ಹೊರಟೆ.

ಮೊದಲು ಹುಡುಕಿದ್ದು ನಮ್ಮ ಜಿಲ್ಲೆಯ ಲೆಕ್ಕವನ್ನು. ಮಾಗಡಿಯವರಾಗಲಿ ಕನಕಪುರದವರಾಗಲಿ, ಕ್ಯಾನ್ಸರ್ ಎಂದ ಕೂಡಲೇ ನೆನೆಯುವುದು ಬೆಂಗಳೂರಿನ ಕಿದ್ವಾಯಿಯನ್ನು. 1973ರಲ್ಲಿ ಶುರುವಾದ ಸಂಸ್ಥೆ ಅದು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರು, ಮುಂಬೈ, ಚೆನ್ನೈಗಳಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಲೆಕ್ಕ ಇಡುತ್ತಾ ಬಂದಿದ್ದಾರೆ. ಬೆಂಗಳೂರಿನ ನೋಂದಣಿಯನ್ನು ನಡೆಸುವುದು ಕಿದ್ವಾಯಿ. ಆದರೆ ಆ ಲೆಕ್ಕ ಬೆಂಗಳೂರು ನಗರ ಪ್ರದೇಶದ್ದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನಮ್ಮ ಜಿಲ್ಲೆಯ ಹಳ್ಳಿಗಳು ಆ ಗಡಿಯಿಂದ ಆಚೆ ಉಳಿದವು. ನಮ್ಮವರು ಆಸ್ಪತ್ರೆಯ ಬಾಗಿಲಿಗೆ ಹೋಗಿ ಚೀಟಿ ಮಾಡಿಸಿದಾಗ ಮಾತ್ರ ಆಸ್ಪತ್ರೆಯ ಪುಸ್ತಕದಲ್ಲಿ ಒಂದು ಸಾಲಾಗುತ್ತಾರೆ. ಕಷಾಯ ಕುಡಿಯುತ್ತಲೇ ಮನೆಯಲ್ಲಿ ತೀರಿಕೊಂಡವರು ಯಾವ ಪುಸ್ತಕಕ್ಕೂ ಬರುವುದಿಲ್ಲ.

ಆ ಇನ್ನೊಂದು ಬದಿಯ ಲೆಕ್ಕ ನಾಟಿ ವೈದ್ಯರ ಬಳಿ ಇದ್ದೀತು ಎಂದುಕೊಂಡೆ. ಕನಕಪುರದ ಕಡೆಯ ಒಬ್ಬ ಹಿರಿಯರು ಗಡ್ಡೆಗೆ, ಹುಣ್ಣಿಗೆ ಬೇರು ಅರೆದು ಕೊಡುತ್ತಾರೆ. ದುಡ್ಡಿನ ಆಸೆ ಇಲ್ಲದ, ಮಾತು ನೇರವಾಗಿರುವ ಮನುಷ್ಯ. "ತಾತ, ಯಾರಿಗೆ ಏನು ಕೊಟ್ಟಿರಿ, ಆಮೇಲೆ ಏನಾಯ್ತು ಅಂತ ಬರೆದಿಟ್ಟಿದ್ದೀರಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯೋ ಪದ್ಧತಿ ನಮ್ಮಲ್ಲಿಲ್ಲ ಸ್ವಾಮಿ. ವಾಸಿ ಆದೋರು ಬಂದು ಕೈ ಮುಗಿದು ಹೋಗ್ತಾರೆ. ಆಗ್ದೋರು ಯಾಕ್ ಬಂದಾರು ಹೇಳಿ?" ಎಂದರು.

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಈ ಹುಡುಕಾಟದಲ್ಲಿ ನನಗೆ ಸಿಕ್ಕಿಲ್ಲ. ನಮ್ಮ ನಂಬಿಕೆಗಳೆಲ್ಲ ಹುಟ್ಟುವುದು ವಾಪಸ್ ಬಂದವರ ಬಾಯಿಂದ. ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಗುರುವಾರ, ಭಾನುವಾರ ಔಷಧಿ ಕೊಡುತ್ತಿದ್ದ ಕಾಲದಲ್ಲಿ ಹೊರರಾಜ್ಯಗಳಿಂದಲೂ ಕ್ಯಾನ್ಸರ್ ರೋಗಿಗಳ ಕಡೆಯವರು ಬಂದು ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಆ ಸಾಲಿನ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ಸಾಲಿನಲ್ಲಿ ನಿಂತವರು ವರ್ಷದ ನಂತರ, ಐದು ವರ್ಷದ ನಂತರ ಹೇಗಿದ್ದರು ಎಂಬ ಪಟ್ಟಿ ಮಾತ್ರ ನನಗೆ ಎಲ್ಲೂ ಸಿಗಲಿಲ್ಲ. ಇದರಲ್ಲಿ ಆ ವೈದ್ಯರ ತಪ್ಪೇನೂ ಇಲ್ಲ. ಅಷ್ಟು ಜನರ ನಂಬಿಕೆಯ ಬೆನ್ನು ಹತ್ತಿ ಲೆಕ್ಕ ಬರೆಯಬೇಕಾಗಿದ್ದದ್ದು ನಮ್ಮ ವೈದ್ಯಕೀಯ ಕಾಲೇಜುಗಳು.

ಅಡ್ಡಪರಿಣಾಮ ಇಲ್ಲ ಎನ್ನುವ ಮಾತನ್ನು ಹುಡುಕಿಕೊಂಡು ಹೋದಾಗ ದಾಖಲೆ ನನ್ನನ್ನು ಬೆಲ್ಜಿಯಂ ದೇಶದ ಬ್ರಸೆಲ್ಸ್‌ಗೆ ತಂದು ನಿಲ್ಲಿಸಿತು. 1990ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಮೈ ತೂಕ ಇಳಿಸಲು ಚೀನೀ ಮೂಲಿಕೆಗಳ ಪುಡಿ ಸೇರಿಸಿದ ಔಷಧಿ ಕೊಡುತ್ತಿದ್ದರು. ತಿಂದ ಮಹಿಳೆಯರ ಮೂತ್ರಪಿಂಡಗಳು ಒಬ್ಬೊಬ್ಬರದಾಗಿ ಕೆಡತೊಡಗಿದವು. ಒಂದೇ ಊರಿನ, ಬೇರೇನೂ ಕಾಯಿಲೆ ಇಲ್ಲದ ಹೆಂಗಸರಿಗೆ ಹೀಗೇಕೆ ಎಂದು ವ್ಯಾನ್‌ಹರ್ವೆಗೆಮ್ ಎಂಬ ವೈದ್ಯರು ಮತ್ತು ಅವರ ಜೊತೆಯವರು ಬೆನ್ನುಬಿದ್ದು, 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಹಾಕಬೇಕಾಗಿದ್ದ ಮೂಲಿಕೆ ಫಾಂಗ್‌ಜಿ. ಬಂದು ಸೇರಿದ್ದು ಗುವಾಂಗ್ ಫಾಂಗ್‌ಜಿ. ಹೆಸರಿನಲ್ಲಿ ಹತ್ತಿರ, ಗಿಡದ ಕುಲವೇ ಬೇರೆ. ಎರಡನೆಯದು ಅರಿಸ್ಟಲೋಕಿಯಾ ಕುಲದ ಬಳ್ಳಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೂತ್ರಪಿಂಡ ಪೂರ್ತಿ ಕೆಟ್ಟವರಲ್ಲಿ 39 ಜನ, ಮುಂಜಾಗ್ರತೆಗೆಂದು ಮೂತ್ರಪಿಂಡವನ್ನೂ ಮೂತ್ರನಾಳವನ್ನೂ ತೆಗೆಸಿಕೊಳ್ಳಲು ಒಪ್ಪಿದರು. ತೆಗೆದ ಅಂಗಗಳನ್ನು ಪರೀಕ್ಷಿಸಿದಾಗ 18 ಜನರಲ್ಲಿ ಕ್ಯಾನ್ಸರ್ ಇತ್ತು. 2000ದಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಹೆಚ್ಚು ಪುಡಿ ತಿಂದವರಲ್ಲಿ ಹೆಚ್ಚು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಈ ಕುಲದ ಗಿಡಗಳಿರುವ ಮೂಲಿಕೆ ಔಷಧಿಗಳನ್ನು 2002ರಲ್ಲಿ ತಂಬಾಕು ಇರುವ ಮೊದಲನೇ ಗುಂಪಿಗೇ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಉಳಿಯದ ವಸ್ತುಗಳ ಗುಂಪು ಅದು. ತೈವಾನ್ 2003ರಲ್ಲಿ ಇವನ್ನು ನಿಷೇಧಿಸಿತು.

ಅರಿಸ್ಟಲೋಕಿಯಾ ಎಂಬ ಹೆಸರಿನ ಹತ್ತಿರ ಬಂದಾಗ ನಾನು ಓದುವುದನ್ನು ನಿಲ್ಲಿಸಿ ನಮ್ಮ ಸಸ್ಯಗಳ ಪುಸ್ತಕ ತೆಗೆದೆ. ಅರಿಸ್ಟಲೋಕಿಯಾ ಇಂಡಿಕಾ, ಕನ್ನಡದಲ್ಲಿ ಈಶ್ವರಿ ಬಳ್ಳಿ. ನಮ್ಮ ಕಡೆ ಹಾವು ಕಡಿತಕ್ಕೆ, ಹೊಟ್ಟೆನೋವಿಗೆ, ಮುಟ್ಟು ನಿಂತದ್ದಕ್ಕೆ ಹೇಳುವ ಅದೇ ಈಶ್ವರಿ ಬೇರು. ಬ್ರಸೆಲ್ಸಿನಲ್ಲಿ ಮೂತ್ರಪಿಂಡ ಕೆಡಿಸಿದ ಅರಿಸ್ಟಲೋಕಿಕ್ ಆಮ್ಲವೇ ಇದರಲ್ಲೂ ಇದೆ. ಕೆಂಪು ಮೈಯ, ಕಪ್ಪು ರೆಕ್ಕೆಯ ಕ್ರಿಮ್ಸನ್ ರೋಸ್ ಚಿಟ್ಟೆಯ ಮರಿಹುಳು ಈ ಎಲೆಯನ್ನೇ ತಿಂದು, ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಹಕ್ಕಿಗೆ ತಿಳಿದದ್ದು ನಮಗೆ ತಿಳಿಯಲು ಬ್ರಸೆಲ್ಸಿನ ಹೆಂಗಸರು ಮೂತ್ರಪಿಂಡ ಕಳೆದುಕೊಳ್ಳಬೇಕಾಯಿತು. ಈ ಬೇರಿನ ಕೆಡುಕು ತಿಂದ ದಿನವೇ ಕಾಣುವುದಿಲ್ಲ, ವರ್ಷಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. "ನಮ್ಮಜ್ಜಿ ತಿಂದಿದ್ದಳು, ಏನೂ ಆಗಲಿಲ್ಲ" ಎನ್ನುವ ಸಾಕ್ಷಿ ಇಲ್ಲಿ ಸಾಲದು.

ಹಾಗೆಂದು ಬೇರು ಸೊಪ್ಪೆಲ್ಲ ವಿಷವೆಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಾಡಿನ ಒಂದು ಭಾಗವನ್ನು ಔಷಧೀಯ ಸಸ್ಯಗಳ ಸಂರಕ್ಷಣಾ ಪ್ರದೇಶವೆಂದು ಕಾಪಾಡಿರುವುದು ಸುಮ್ಮನೆ ಅಲ್ಲ. ನಮ್ಮ ಮನೆ ಮುಂದೆ, ಗೋರಿಗಳ ಸುತ್ತ ತಾನಾಗಿ ಹೂ ಬಿಡುವ ನಿತ್ಯಪುಷ್ಪವನ್ನೇ ನೋಡಿ. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಜಮೈಕಾದಲ್ಲಿ ಇತ್ತು. ಅಲ್ಲಿಂದ ಕೆನಡಾಕ್ಕೆ ಬಂದ ಎಲೆಗಳನ್ನು ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರು. ಇಲಿಗಳ ಸಕ್ಕರೆ ಇಳಿಯಲಿಲ್ಲ. ರಕ್ತದ ಬಿಳಿ ಕಣಗಳು ಕುಸಿದು, ಇಲಿಗಳು ಸೋಂಕಿನಿಂದ ಸತ್ತವು. ಬಿಳಿ ಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇ ಆಗಬಹುದಲ್ಲ ಎಂಬ ಯೋಚನೆಯಿಂದ ವಿನ್‌ಬ್ಲಾಸ್ಟಿನ್ ಬಂತು. ಅದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಇವತ್ತಿಗೂ ನರಕ್ಕೆ ಹನಿಸುವ ಔಷಧಿ ಅದು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸುವುದಿಲ್ಲ. ಮೀರಿದರೆ ಕೈಕಾಲಿನ ನರಗಳು ಸೋಲುತ್ತವೆ. ನೂರಾರು ಕಿಲೋ ಒಣಗಿದ ಎಲೆಯಿಂದ ಒಂದು ಗ್ರಾಂ ತೆಗೆದು, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವುದನ್ನು, ಹಿಡಿ ಸೊಪ್ಪು ಕುದಿಸಿದ ಚೊಂಬಿನ ನೀರು ಮಾಡೀತು ಎಂದುಕೊಳ್ಳುವುದು ಮಗುವಿನ ಪ್ರಾಣದ ಜೊತೆ ಆಟ.

ಕ್ಯಾನ್ಸರ್ ಚಿಕಿತ್ಸೆಗೆ ಚೀನಾದಿಂದ ಬಂದ ದೊಡ್ಡ ಕೊಡುಗೆಯೊಂದರ ದಾಖಲೆಯೂ ಇದನ್ನೇ ಹೇಳುತ್ತದೆ. ಹಾರ್ಬಿನ್ ನಗರದ ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಅವರ ತಂಡಕ್ಕೆ 1970ರ ದಶಕದಲ್ಲಿ ಒಂದು ನಾಟಿ ಮದ್ದು ಸಿಕ್ಕಿತು. ಅದರಲ್ಲಿ ಪಾಷಾಣ, ಪಾದರಸ, ನೆಲಗಪ್ಪೆಯ ವಿಷ ಮೂರೂ ಇದ್ದವು. ಅವರು ಒಂದೊಂದನ್ನೇ ತೆಗೆದು ನೋಡಿ, ಕೆಲಸ ಮಾಡುತ್ತಿರುವುದು ಪಾಷಾಣ ಮಾತ್ರ ಎಂದು ಕಂಡುಕೊಂಡರು. ಅದೂ ಎಲ್ಲ ಕ್ಯಾನ್ಸರಿಗೂ ಅಲ್ಲ, ಪ್ರೊಮೈಲೋಸೈಟಿಕ್ ಎಂಬ ಒಂದೇ ಬಗೆಯ ರಕ್ತದ ಕ್ಯಾನ್ಸರಿಗೆ. 2000ದಲ್ಲಿ ಅಮೆರಿಕವೂ ಒಪ್ಪಿತು. ಒಂದು ಕಾಲದಲ್ಲಿ ಕೆಲವೇ ದಿನಗಳಲ್ಲಿ ಕೊಲ್ಲುತ್ತಿದ್ದ ಆ ಕಾಯಿಲೆಯಿಂದ ಇಂದು ಬಹುಪಾಲು ಜನ ಬದುಕುತ್ತಾರೆ. ಹೃದಯದ ಬಡಿತ ನೋಡಿಕೊಳ್ಳುತ್ತಾ, ಆಸ್ಪತ್ರೆಯಲ್ಲೇ ಕೊಡಬೇಕಾದ ಔಷಧಿ ಇದು. ಭಸ್ಮದ ಪೊಟ್ಟಣದಲ್ಲಿ ಪಾಷಾಣ ತಿನ್ನಲು ಈ ಉದಾಹರಣೆ ಕೊಡುವವರು ಅರ್ಧ ಕಥೆ ಹೇಳುತ್ತಿದ್ದಾರೆ. ಚೀನಾದಲ್ಲಿ ಕ್ಯಾನ್ಸರಿಗೆ ಬೇರಿನಲ್ಲೇ ಚಿಕಿತ್ಸೆ ಎನ್ನುವುದೂ ಹಾಗೆಯೇ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಆಪರೇಷನ್, ಕೀಮೋ, ನಮ್ಮವರು ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಎಲ್ಲ ನಡೆಯುತ್ತವೆ, ಕಷಾಯ ಅವುಗಳ ಜೊತೆಗೆ. ಇನ್ನು ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣ ಸತ್ತಿತು ಎಂಬ ಸುದ್ದಿ. ಲಕ್ಷ್ಮಣಫಲದ ಬಗ್ಗೆ ನಮ್ಮ ಮೊಬೈಲುಗಳಲ್ಲಿ ಓಡಾಡುವುದು ಅದೇ. ತಟ್ಟೆಯಲ್ಲಿ ಕಣ ಕೊಲ್ಲುವ ವಸ್ತುಗಳು ಸಾವಿರ ಇವೆ, ಸೀಮೆಎಣ್ಣೆಯೂ ಕೊಲ್ಲುತ್ತದೆ.

"ಮೊದಲು ನಾಟಿ ನೋಡೋಣ" ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎರಡು ಅಧ್ಯಯನಗಳಲ್ಲಿ. ಎರಡೂ 2018ರವು. ಮೊದಲನೆಯದರಲ್ಲಿ, ಇನ್ನೂ ದೂರಕ್ಕೆ ಹರಡದ ಕ್ಯಾನ್ಸರ್ ಇದ್ದು, ಆಸ್ಪತ್ರೆ ಚಿಕಿತ್ಸೆ ಬಿಟ್ಟು ಪರ್ಯಾಯ ಔಷಧಿಯನ್ನೇ ನೆಚ್ಚಿದ 281 ಜನರನ್ನು, ಚಿಕಿತ್ಸೆ ಪಡೆದ 560 ಜನರ ಜೊತೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಎರಡನೆಯದು ಆಸ್ಪತ್ರೆ ಚಿಕಿತ್ಸೆಯ ಜೊತೆಗೆ ಬೇರೆಯದನ್ನೂ ಬಳಸಿದ 258 ಜನರದ್ದು. ಇವರಲ್ಲೂ ಅಪಾಯ ಎರಡು ಪಟ್ಟು. ಕಾರಣ ಹುಡುಕಿದರೆ, ಕರೆಂಟು ಕೊಡಿಸಿಕೊಳ್ಳಿ ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಡವೆಂದಿದ್ದರು. ಮೂರರಲ್ಲಿ ಒಬ್ಬರು ಕೀಮೋ ಬಿಟ್ಟಿದ್ದರು. ಆ ನಿರಾಕರಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವ್ಯತ್ಯಾಸ ಕರಗಿಹೋಯಿತು. ಕೊಂದದ್ದು ಬಿಟ್ಟುಬಿಟ್ಟ ಚಿಕಿತ್ಸೆ.

ನಮ್ಮ ಜಿಲ್ಲೆಗೆ ಇದು ತುಂಬ ಹತ್ತಿರದ ಮಾತು. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ತಂಬಾಕು ಹಾಕುವ ಹೆಂಗಸರು ನಮ್ಮ ಊರೂರಿನಲ್ಲೂ ಇದ್ದಾರೆ. ಕೆನ್ನೆಯೊಳಗೆ ಏಳುವ ಬಿಳಿ ಮಚ್ಚೆ, ಮೂರು ವಾರವಾದರೂ ಆರದ ಹುಣ್ಣು, ಮೊದಲ ಹಂತದಲ್ಲೇ ಕಣ್ಣಿಗೆ ಕಾಣುವ ಕ್ಯಾನ್ಸರಿನ ಗುರುತುಗಳು. ಚಿಕ್ಕದಿದ್ದಾಗ ಕತ್ತರಿಸಿ ತೆಗೆದರೆ ಮುಗಿಯುವ ಕೆಲಸ. ಚುಚ್ಚಿದರೆ ಕೆರಳುತ್ತದೆ ಎಂಬ ಭಯಕ್ಕೆ ಬಯಾಪ್ಸಿ ತಪ್ಪಿಸಿಕೊಂಡು, ಪುಡಿ ತಿಕ್ಕಿ, ಕಷಾಯ ಮುಕ್ಕಳಿಸಿ ತಿಂಗಳುಗಟ್ಟಲೆ ಕಳೆದು ಬಂದವರಲ್ಲಿ ಅದು ದವಡೆಯ ಮೂಳೆಗೂ ಕತ್ತಿನ ಗಂಟಿಗೂ ಇಳಿದಿರುತ್ತದೆ. ಆಗ ಊರು ಹೇಳುತ್ತದೆ: ಚುಚ್ಚಿದ್ದಕ್ಕೇ ಹರಡಿತು.

ಕಾನೂನು ಈ ವಿಷಯವನ್ನು ಬಹಳ ಹಿಂದೆಯೇ ಕಂಡಿತ್ತು. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಬಂದದ್ದು 1954ರಲ್ಲಿ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿಯಲ್ಲಿ ಆರನೆಯದು ಕ್ಯಾನ್ಸರ್. ಗೋಡೆಗೆ ಅಂಟಿಸಿದ ಚೀಟಿಗೂ ಇದು ಅನ್ವಯಿಸುತ್ತದೆ.

ಬೇರಿನಿಂದ ರೋಗಿಗೆ ನೆಮ್ಮದಿ ಸಿಗುವ ಜಾಗವೂ ದಾಖಲೆಯಲ್ಲಿದೆ. ಕೀಮೋದ ವಾಕರಿಕೆಗೆ ಕೊಡುವ ಔಷಧಿಗಳ ಜೊತೆಗೆ ಅರ್ಧ ಗ್ರಾಂನಿಂದ ಒಂದು ಗ್ರಾಂ ಶುಂಠಿ ಕೊಟ್ಟಾಗ ಮೊದಲ ದಿನದ ವಾಕರಿಕೆ ಇನ್ನಷ್ಟು ತಗ್ಗಿದ್ದನ್ನು 576 ರೋಗಿಗಳ ಮೇಲಿನ ಅಧ್ಯಯನವೊಂದು 2012ರಲ್ಲಿ ತೋರಿಸಿತು. ಆದರೆ ಜೊತೆಗೆ ತಿನ್ನುವುದೆಲ್ಲ ಹೊಂದಿಕೊಳ್ಳುವುದಿಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ತಿಂದವರಲ್ಲಿ ಇರಿನೊಟೆಕಾನ್ ಎಂಬ ಕೀಮೋದ ಸತ್ವ ರಕ್ತದಲ್ಲಿ ಶೇಕಡಾ 42ರಷ್ಟು ಇಳಿದಿತ್ತು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಯಕೃತ್ತಿಗೆ ಪೆಟ್ಟು ಬಿದ್ದವರ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಕೀಮೋ ನಡೆಯುತ್ತಿರುವವರ ಯಕೃತ್ತು ಮೊದಲೇ ದುಡಿದು ಸೋತಿರುತ್ತದೆ.

ಆದ್ದರಿಂದ ಕ್ಯಾನ್ಸರ್ ಇರುವ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಏನನ್ನೇ ಕುಡಿಯುತ್ತಿರಿ, ತಿನ್ನುತ್ತಿರಿ, ಆ ಪೊಟ್ಟಣವನ್ನೋ ಬಾಟಲಿಯನ್ನೋ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರ ಮೇಜಿನ ಮೇಲಿಡಿ, ಬೈಯುತ್ತಾರೆಂದು ಬಚ್ಚಿಡಬೇಡಿ. ಡಾಕ್ಟರುಗಳೇ, ದಯವಿಟ್ಟು ಬೈಯಬೇಡಿ, ಕೇಳಿ ಬರೆದುಕೊಳ್ಳಿ. ನಾಟಿ ವೈದ್ಯರಲ್ಲೂ ಒಂದು ಬೇಡಿಕೆ: ಬಂದವರ ಹೆಸರು, ಊರು, ಕೊಟ್ಟ ಬೇರು ಒಂದು ನೋಟ್‌ಬುಕ್ಕಿನಲ್ಲಿರಲಿ, ಬಯಾಪ್ಸಿ ಆಗದವರನ್ನು ಮೊದಲು ಆಸ್ಪತ್ರೆಗೆ ಕಳಿಸಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆರದ ಹುಣ್ಣೋ ಕೈಗೆ ಸಿಗುವ ಗಂಟೋ ಇದ್ದರೆ ಈ ವಾರವೇ ಹೋಗಿ ತೋರಿಸಿ.