ನಾರ್ಸಿಸಸ್ ಹಡಗಿನ ಒಪ್ಪಂದ ಪತ್ರ: ಒಂದು ಸಾವಿನ ತಾರೀಖಿನ ಸಾಕ್ಷ್ಯ

ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿದ ಪೂರ್ವಜನನ್ನು ಹುಡುಕುವವರಿಗೆ 1857ರಿಂದ 1913ರವರೆಗಿನ ಅವಧಿ ಎಲ್ಲಕ್ಕಿಂತ ತೊಡಕಿನದು. ಸಾಮಾನ್ಯ ನಾವಿಕರನ್ನು ಹೆಸರು ಹಿಡಿದು ನಮೂದಿಸುವ ಕೇಂದ್ರ ದಫ್ತರ ಆ ವರ್ಷಗಳಲ್ಲಿ ಇರಲಿಲ್ಲ. ಅವರ ಜಾಡು ಉಳಿದಿರುವುದು ಮುಖ್ಯವಾಗಿ ನಾವಿಕರ ಒಪ್ಪಂದ ಪತ್ರಗಳಲ್ಲಿ. ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದೆ ದುಡಿದ ಹಡಗು, ಸೇರಿದ ದಿನ ಮತ್ತು ಸ್ಥಳ, ಹುದ್ದೆ, ಸಂಬಳ, ಬಿಟ್ಟ ದಿನ ಮತ್ತು ಕಾರಣ ಎಂಬ ಅಂಕಣಗಳು ಅದರಲ್ಲಿವೆ. ಈ ಅಂಕಣಗಳಿಗೆಲ್ಲ ಒಂದೇ ತೂಕ ಕೊಟ್ಟು ಓದುವುದೇ ಬಹುಪಾಲು ತಪ್ಪುಗಳ ಮೂಲ. ನಾರ್ಸಿಸಸ್ ಹಡಗಿನ 1884ರ ಪತ್ರ ಇದಕ್ಕೆ ತಕ್ಕ ನಿದರ್ಶನ.

ಆ ಹಡಗಿನಲ್ಲಿ ಎರಡನೆಯ ಮೇಟ್ ಎಂಬ ಅಧಿಕಾರಿ ಹುದ್ದೆಯಲ್ಲಿದ್ದವರು, ಮುಂದೆ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಎಂದು ಹೆಸರಾದ ಪೋಲೆಂಡಿನ ಕೊರ್ಜೆನಿಯೊವ್‌ಸ್ಕಿ. 1884ರ ಏಪ್ರಿಲ್‌ನಲ್ಲಿ ಅವರು ಮದರಾಸಿನಲ್ಲಿ ರಿವರ್ಸ್‌ಡೇಲ್ ಹಡಗನ್ನು ಬಿಟ್ಟು, ರೈಲಿನಲ್ಲಿ ಮುಂಬಯಿಗೆ ಬಂದು ನಾರ್ಸಿಸಸ್ ಸೇರಿದರು. ಹಡಗು ಜೂನ್ ಮೊದಲ ವಾರ ಮುಂಬಯಿ ಬಿಟ್ಟು, ಅಕ್ಟೋಬರ್ ನಡುವೆ ಫ್ರಾನ್ಸಿನ ಡನ್‌ಕರ್ಕ್ ಸೇರಿತು. ಈ ಯಾನವೇ 1897ರಲ್ಲಿ ಬಂದ ಅವರ ಕಾದಂಬರಿಯ ಮೂಲದ್ರವ್ಯ. ಕಾದಂಬರಿಯ ಕೇಂದ್ರದಲ್ಲಿರುವುದು ಜೇಮ್ಸ್ ವೇಟ್ ಎಂಬ ಕಪ್ಪು ನಾವಿಕನ ಕಾಯಿಲೆ ಮತ್ತು ಸಾವು.

ವೇಟ್‌ಗೆ ಮೂಲವಾದ ಮನುಷ್ಯ ಯಾರು ಎಂಬುದೇ ವಿವಾದದ ವಿಷಯ. 1927ರಲ್ಲಿ ಕಾನ್ರಾಡರ ಜೀವನಚರಿತ್ರೆ ಪ್ರಕಟಿಸಿದ ಜಾಂ-ಓಬ್ರಿ, 1924ರಲ್ಲಿ ಸ್ವತಃ ಕಾನ್ರಾಡ್ ತಮಗೆ ಹೇಳಿದ ಮಾತುಗಳನ್ನು ಅದರಲ್ಲಿ ದಾಖಲಿಸಿದರು. ಅದರ ಪ್ರಕಾರ ವೇಟ್ ಎಂಬ ಹೆಸರು ಡ್ಯೂಕ್ ಆಫ್ ಸದರ್ಲ್ಯಾಂಡ್ ಎಂಬ ಬೇರೆ ಹಡಗಿನ ನಾವಿಕನದು. ನಾರ್ಸಿಸಸ್‌ನಲ್ಲಿ ಸತ್ತವನ ಹೆಸರು ಕಾನ್ರಾಡರಿಗೆ ಮರೆತುಹೋಗಿತ್ತು. ಆಫ್ರಿಕದ ದಕ್ಷಿಣ ತುದಿಯ ಅಗುಲ್ಹಾಸ್ ಬಳಿ ಭಾರಿ ಬಿರುಗಾಳಿಗೆ ಸಿಕ್ಕಿ ಪಾರಾದ ಬೆನ್ನಿಗೇ ಅವನು ತೀರಿಕೊಂಡ. ಸತ್ತ ಬೆಳಗಿನ ಗಂಟೆ, ಕಾಫಿಯ ಬಟ್ಟಲು, ಕೆಳಗಿನ ಮಂಚದ ಮೇಲೆ ಇಟ್ಟಿದ್ದ ಹಗ್ಗಗಳು ಎಲ್ಲವೂ ಆ ನೆನಪಿನಲ್ಲಿವೆ. ವಿವರ ಇಷ್ಟು ನಿಚ್ಚಳವಾಗಿರುವುದರಿಂದಲೇ ಅದನ್ನು ದಾಖಲೆಯೆಂದು ಒಪ್ಪಿದವರು ಹಲವರು.

ಒಪ್ಪಂದ ಪತ್ರ ಬೇರೆಯದನ್ನು ಹೇಳುತ್ತದೆ. ಜೋಸೆಫ್ ಬ್ಯಾರನ್, ವಯಸ್ಸು 35, ಹುಟ್ಟು ಅಮೆರಿಕದ ಜಾರ್ಜಿಯಾ, ಸಾವು 1884ರ ಸೆಪ್ಟೆಂಬರ್ 24, ಸಮುದ್ರದಲ್ಲಿ. ಈ ತಾರೀಖನ್ನು ಹಡಗಿನ ಹಾದಿಯ ಪಕ್ಕ ಇಟ್ಟು ಲೆಕ್ಕ ಹಾಕಬೇಕು. ಸಾವಿಗೂ ಡನ್‌ಕರ್ಕ್ ತಲುಪಿದ್ದಕ್ಕೂ ನಡುವೆ ಇರುವುದು ಸುಮಾರು ಮೂರು ವಾರ. ಅಗುಲ್ಹಾಸ್‌ನಿಂದ ಇಂಗ್ಲಿಷ್ ಕಾಲುವೆಗೆ ಏನಿಲ್ಲೆಂದರೂ 6,000 ನಾಟಿಕಲ್ ಮೈಲಿ. ಮೂರು ವಾರದಲ್ಲಿ ಅಷ್ಟು ದೂರ ಬರಲು ದಿನಕ್ಕೆ 270 ಮೈಲಿಗೂ ಮಿಕ್ಕ ವೇಗ ಬೇಕು; ಅದೂ ಭೂಮಧ್ಯರೇಖೆಯ ಬಳಿ ಗಾಳಿ ಸತ್ತು ನಿಲ್ಲುವ ಪ್ರದೇಶವನ್ನು ದಾಟಿ. ಮುಂಬಯಿಯಿಂದ ಡನ್‌ಕರ್ಕ್‌ಗೆ 10,000 ಮೈಲಿ ಮೀರಿದ ದಾರಿಗೆ ಇದೇ ಹಡಗು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. ಸರಾಸರಿ ದಿನಕ್ಕೆ 80 ಮೈಲಿಯ ಆಸುಪಾಸು. ಆದ್ದರಿಂದ ಬ್ಯಾರನ್ ಸತ್ತದ್ದು ಅಗುಲ್ಹಾಸ್ ಬಳಿ ಅಲ್ಲ, ಉತ್ತರ ಅಟ್ಲಾಂಟಿಕ್‌ನಲ್ಲಿ. ಅದೇ ಸರಾಸರಿಯಲ್ಲಿ ಹಿಂದಕ್ಕೆ ಎಣಿಸಿದರೆ ಆ ದಿನ ಹಡಗು ಇದ್ದಿರಬೇಕಾದ ಜಾಗ ಅಜೋರ್ಸ್ ದ್ವೀಪಗಳ ಸುತ್ತಿನ ನೀರು.

ಕಾದಂಬರಿಯಲ್ಲಿ ವೇಟ್ ಸಾಯುವುದು ಇದೇ ಅಜೋರ್ಸ್‌ನ ಫ್ಲೋರೆಸ್ ದ್ವೀಪ ಕಣ್ಣಿಗೆ ಬಿದ್ದಾಗ. ಹದಿಮೂರು ವರ್ಷದ ಬಳಿಕ ಬಂದ ಕಥೆ ಪತ್ರದೊಂದಿಗೆ ಹೊಂದುತ್ತದೆ. ನಲವತ್ತು ವರ್ಷದ ಬಳಿಕ ಹೇಳಿದ ನೆನಪು ಹೊಂದುವುದಿಲ್ಲ. ಬಿರುಗಾಳಿಯೂ ಸಾವೂ ಎರಡೂ ನಿಜವಿರಬಹುದು. ಅವೆರಡರ ನಡುವೆ ಸಂದ ವಾರಗಳು ಮಾತ್ರ ನೆನಪಿನಿಂದ ಜಾರಿಹೋಗಿವೆ. ಯಾನ ಮುಂಬಯಿಯಿಂದ ಲಂಡನ್ನಿಗೆ ನಡೆಯಿತೆಂದು ಆ ಮಾತುಕತೆಯ ಆರಂಭದಲ್ಲಿದೆ, ತಾನು ಹಡಗು ಬಿಟ್ಟದ್ದು ಡನ್‌ಕರ್ಕ್‌ನಲ್ಲಿ ಎಂದು ಕೊನೆಯಲ್ಲಿದೆ. ಇದನ್ನು ಗಮನಿಸಿದ್ದರೆ ಸಾಕಿತ್ತು. ಜಾಂ-ಓಬ್ರಿಯ ಪುಟವನ್ನು ಪತ್ರಾಗಾರದ ಕಾಗದಕ್ಕೆ ಬದಲಾಗಿ ಬಳಸುವ ಅಭ್ಯಾಸ ಅಷ್ಟು ಕಾಲ ಬಾಳುತ್ತಿರಲಿಲ್ಲ. 1960ರ ದಶಕದಲ್ಲಿ ಜೆರ್ರಿ ಆಲನ್, ನಾರ್ಮನ್ ಶೆರ್ರಿ ಮೊದಲಾದ ಸಂಶೋಧಕರು ಮೂಲ ಕಾಗದಗಳಿಗೇ ಹೋಗಿ ಹುಡುಕಿದ ಶ್ರಮಕ್ಕೆ ಈ ಕಾರಣದಿಂದಲೇ ಹೆಚ್ಚಿನ ಬೆಲೆ ಸಲ್ಲಬೇಕು.

ಪತ್ರದ ಪರ ನಿಂತವರೂ ಒಂದು ಎಡವಟ್ಟಿನಿಂದ ಪಾರಾಗಿಲ್ಲ. ಬ್ಯಾರನ್ ಕಪ್ಪು ಮನುಷ್ಯನಾಗಿದ್ದ ಎಂಬುದನ್ನು ಪತ್ರವೇ ಹೇಳುತ್ತದೆ ಎಂಬಂತೆ ಬರೆಯುವುದುಂಟು. ಒಪ್ಪಂದ ಪತ್ರದಲ್ಲಿ ಮೈಬಣ್ಣದ ಅಂಕಣವೇ ಇಲ್ಲ. ಜಾರ್ಜಿಯಾದಲ್ಲಿ ಹುಟ್ಟಿದ್ದು ಮತ್ತು ಆ ಯಾನದಲ್ಲಿ ಸತ್ತದ್ದು, ಈ ಎರಡನ್ನು ಕಾನ್ರಾಡರ ಮಾತಿಗೆ ಜೋಡಿಸಿ ತಲುಪಿದ ಊಹೆ ಅದು. ಊಹೆ ಬಲವಾದದ್ದೇ, ಆದರೂ ಅದನ್ನು ಊಹೆಯೆಂದೇ ಕರೆಯಬೇಕು. ಕಾದಂಬರಿಯ ಹಿರಿಯ ನಾವಿಕ ಸಿಂಗಲ್ಟನ್‌ನ ನಿಜವಾದ ಹೆಸರು ಸಲಿವನ್ ಎಂದು ಕಾನ್ರಾಡ್ ಹೇಳಿದ್ದರು. ಪತ್ರದಲ್ಲಿ ಡೇನಿಯಲ್ ಸಲಿವನ್ ಸಿಗುತ್ತಾನೆ. ಅಲ್ಲಿ ನೆನಪು ಮತ್ತು ಪತ್ರ ಒಂದನ್ನೊಂದು ಗಟ್ಟಿಮಾಡುತ್ತವೆ. ಬ್ಯಾರನ್ ವಿಷಯದಲ್ಲಿ ಹೆಸರಿನ ಅಂಥ ಕೊಂಡಿ ಇಲ್ಲ.

ಇದರಿಂದ ಅಂಕಣಗಳನ್ನು ಎರಡು ಬಗೆಯಾಗಿ ವಿಂಗಡಿಸಬೇಕಾಗುತ್ತದೆ. ಸೇರಿದ ದಿನ, ಬಿಟ್ಟ ದಿನ, ಸಾವು ಇವು ಘಟನೆ ನಡೆದಾಗ ಹಡಗಿನ ಅಧಿಕಾರಿ ಬರೆದವು; ಸಂಬಳದ ಲೆಕ್ಕ ನಿಂತಿರುವುದೂ ಇವುಗಳ ಮೇಲೆಯೇ. ವಯಸ್ಸು, ಹುಟ್ಟೂರು, ಹಿಂದಿನ ಹಡಗು ಇವು ನಾವಿಕ ಬಾಯಲ್ಲಿ ಹೇಳಿದವು. ನಾವಿಕರ ಹೇಳಿಕೆ ಎಷ್ಟು ಸಡಿಲವಾಗಿರಬಹುದು ಎಂಬುದಕ್ಕೆ ಕಾನ್ರಾಡರೇ ಸಾಕ್ಷಿ. 1880ರಲ್ಲಿ ಎರಡನೆಯ ಮೇಟ್ ಪರೀಕ್ಷೆಗೆ ಕುಳಿತಾಗ ಅವರು ತಮ್ಮ ಸಮುದ್ರಸೇವೆಯನ್ನು ಇದ್ದದ್ದಕ್ಕಿಂತ ಹಿಗ್ಗಿಸಿ ತೋರಿಸಿದ್ದರು. ಅವರ ದೀರ್ಘವಾದ ಪೋಲಿಷ್ ಹೆಸರು ಬೇರೆ ಬೇರೆ ಕಾಗದಗಳಲ್ಲಿ ಬೇರೆ ಬೇರೆ ಕಾಗುಣಿತ ಪಡೆಯಿತು. ಆದ್ದರಿಂದ ಎರಡು ಪತ್ರಗಳಲ್ಲಿ ವಯಸ್ಸು ಎರಡು ವರ್ಷ ಹಿಂದುಮುಂದಾದ ಮಾತ್ರಕ್ಕೆ ಪೂರ್ವಜನನ್ನು ಕೈಬಿಡಬಾರದು. ಬರೀ ಹೆಸರು ಕೂಡಿತೆಂದು ಒಪ್ಪಲೂಬಾರದು. ಒಂದು ಪತ್ರದ ‘ಹಿಂದಿನ ಹಡಗು’ ಮತ್ತೊಂದು ಪತ್ರದ ಬಿಟ್ಟ ದಿನಕ್ಕೆ ಕೂಡಿದಾಗ ಮಾತ್ರ ಕೊಂಡಿ ಬಿಗಿಯಾಗುತ್ತದೆ.

ಭಾರತದ ಬಂದರುಗಳಿಂದ ಹೋದ ಖಲಾಸಿಗಳಿಗೆ ಈ ಎಚ್ಚರ ಇಮ್ಮಡಿ ಬೇಕು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ನೌಕಾಪಡೆಯಲ್ಲಿ 51,616 ಮಂದಿ ಖಲಾಸಿಗಳಿದ್ದರು. ಅವರನ್ನು ಬೇರೆಯೇ ಒಪ್ಪಂದದ ಮೇಲೆ, ಸಾರಂಗ ಎಂಬ ಮುಖಂಡನ ಮೂಲಕ, ಕಡಿಮೆ ಸಂಬಳಕ್ಕೆ ಗೊತ್ತುಮಾಡಲಾಗುತ್ತಿತ್ತು. ಹೆಸರು ಬರೆದ ಗುಮಾಸ್ತನಿಗೆ ಅವರ ಭಾಷೆ ಬರುತ್ತಿರಲಿಲ್ಲ. ಯುರೋಪಿಯನ್ನರ ಪಟ್ಟಿಯಲ್ಲಿ ಅವರ ಹೆಸರು ಕಾಣದಿರುವುದು ಅವರು ಹಡಗಿನಲ್ಲಿರಲಿಲ್ಲ ಎಂಬುದಕ್ಕೆ ಆಧಾರವಾಗದು.

ಹುಡುಕಾಟ ಹಡಗಿನಿಂದ ಶುರುವಾಗಬೇಕು. 1855ರಿಂದ ಹಡಗುಗಳಿಗೆ ಅಧಿಕೃತ ಸಂಖ್ಯೆಯಿದೆ. ಹೆಸರು ಬದಲಾದರೂ ಅದು ಬದಲಾಗದು. 1863ರಿಂದ 1938ರವರೆಗಿನ ಪತ್ರಗಳಲ್ಲಿ ಸುಮಾರು ಶೇಕಡಾ 70 ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ಸಾಗರ ಇತಿಹಾಸ ಪತ್ರಾಗಾರದಲ್ಲಿವೆ. ಶೇಕಡಾ 10 ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ. 5ರಲ್ಲಿ ಕೊನೆಯಾಗುವ ವರ್ಷಗಳ ಉಳಿದವು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಸಂಗ್ರಹಾಲಯದಲ್ಲಿ. ಯಾನದಲ್ಲಿ ಸತ್ತವರಿಗೆ 1851ರಿಂದ 1889ರವರೆಗಿನ ಸಂಬಳ ಮತ್ತು ಸಾಮಾನುಗಳ ದಫ್ತರವನ್ನೂ ನೋಡಬೇಕು. ಹೀಗೆ ಸಿಕ್ಕ ತಾರೀಖನ್ನು ಹಡಗಿನ ದಾರಿಯ ಮೇಲಿಟ್ಟು ಅಳೆದ ನಂತರವೇ ಮನೆತನದಲ್ಲಿ ಉಳಿದುಬಂದ ಕಥೆಯನ್ನು ಒಪ್ಪಬೇಕು ಅಥವಾ ತಿದ್ದಬೇಕು.