ಕಾಯಿಯ ಕಸಬು, ನೆಲದ ನಕ್ಷೆ

ಆಲೆ ಮರದ ತುಂಡನ್ನು ತಿರುಗಣೆಗೆ ಕೊಟ್ಟು, ಉಳಿಯಿಂದ ಅದಕ್ಕೊಂದು ರೂಪವನ್ನು ತೆಗೆದು, ತಿರುಗುತ್ತಿರುವ ಮರದ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ, ಆ ಘರ್ಷಣೆಯ ಕಾವಿನಿಂದಲೇ ಬಣ್ಣವು ಕರಗಿ ಹತ್ತುವಂತೆ ಮಾಡಿ, ಕಡೆಗೆ ತಾಳೆಗರಿಯಿಂದ ಉಜ್ಜಿ ಹೊಳಪನ್ನು ತರುವ ಚನ್ನಪಟ್ಟಣದ ಕುಶಲಕರ್ಮಿಯು ಚದುರಂಗದ ಆನೆಯನ್ನೂ ಪಗಡೆಯ ಕಾಯಿಯನ್ನೂ ಲೋಕಕ್ಕೆಲ್ಲ ಮಾರಿದನಾದರೂ, ಆ ಆನೆಯು ನಿಲ್ಲತಕ್ಕ ಮನೆಯನ್ನೂ ಆ ಕಾಯಿಯು ನಡೆಯತಕ್ಕ ಹಾದಿಯನ್ನೂ ಮಾಡಿಕೊಡುವ ಹೊಣೆಯನ್ನು ಬಹುಮಟ್ಟಿಗೆ ಕೊಂಡವನಿಗೇ ಬಿಟ್ಟುಬಿಟ್ಟನು. ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಿಗಳನ್ನು ಬರಮಾಡಿಕೊಂಡನೆಂಬ ಜನಜನಿತವಾದ ಹೇಳಿಕೆಯಿಂದ ಹಿಡಿದು, ಜಪಾನೀಯರ ಅರಗಿನ ಕೆಲಸದ ವಿಧಾನವನ್ನು ಇಲ್ಲಿಗೆ ಹೊಂದಿಸಿದ ಬಾವಾಸ್ ಮಿಯಾನರವರೆಗೆ ಈ ಕಸಬಿಗೆ ಒಂದು ವಂಶಾವಳಿಯೇ ಉಂಟು. ಆಟದ ನೆಲಕ್ಕೆ ಮಾತ್ರ ಅಂತಹ ಕಸಬಾಗಲಿ ವಂಶಾವಳಿಯಾಗಲಿ ಇಲ್ಲ.

ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಜಗುಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಗೀಚಿ, ಕಟ್ಟೆಯ ಮನೆಗಳಿಗೆ ಅಡ್ಡಗೆರೆಗಳನ್ನು ಎಳೆದು, ಕವಡೆಯನ್ನು ಚೆಲ್ಲಿ, ಬಳೆಚೂರನ್ನೋ ಹುಣಸೆ ಬೀಜವನ್ನೋ ನಡೆಸಿ, ಕಾಯಿಗಳೆಲ್ಲ ಹಣ್ಣಾದ ಮೇಲೆ ಸೆರಗಿನಿಂದ ಒರೆಸಿಬಿಡುತ್ತಿದ್ದರು. ಹುಲಿ-ಕುರಿಯ ತ್ರಿಕೋಣವನ್ನು ದೇವಾಲಯದ ಹಾಸುಗಲ್ಲಿನ ಮೇಲೆ ಯಾರೋ ಕಾವಲಿನವರು ಬಿಡುವಿನಲ್ಲಿ ಕೊರೆದಿಟ್ಟರೆ ಅದು ಶತಮಾನಗಳವರೆಗೆ ಬಂದವರಿಗೆಲ್ಲ ಒದಗುತ್ತಿದ್ದಿತು. ನೆಲವೇ ಹಲಗೆಯಾಗಿರುವ ದೇಶದಲ್ಲಿ ಹಲಗೆಯನ್ನು ಕೊಳ್ಳುವವರಾರು? ಪರಮಪದ ಸೋಪಾನ ಪಟವೊಂದು ಇದಕ್ಕೆ ಅಪವಾದ; ಹಾವು ಏಣಿಗಳ ಆ ಜಟಿಲವಾದ ದಾರಿಯನ್ನು ಪ್ರತಿಸಲವೂ ಗೀಚಲಾಗದುದರಿಂದ ಅದು ಬಟ್ಟೆಯ ಮೇಲೆ ಚಿತ್ರಿತವಾಗಿ, ಅಚ್ಚು ಬಂದ ಮೇಲೆ ಕಾಗದದ ಹಾಳೆಯಾಗಿ, ವೈಕುಂಠ ಏಕಾದಶಿಯ ಜಾಗರಣೆಗೆ ಒದಗುವ ಮಾರಾಟದ ಸರಕಾಯಿತು.

ಆಟದ ನೆಲವನ್ನು ಅಚ್ಚಿಗೆ ತರುವ ಹಂಬಲವು ನಮ್ಮಲ್ಲಿ ಅತಿಶಯವಾಗಿದ್ದುದು ಮುಮ್ಮಡಿ ಕೃಷ್ಣರಾಜ ಒಡೆಯರಲ್ಲಿ (1794–1868). 1831ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿದ ತರುವಾಯ ಅರಸರಿಗೆ ದೊರೆತ ವಿರಾಮವು ಬಹುಭಾಗ ಆಟಗಳ ನಿರ್ಮಾಣದಲ್ಲಿ ವಿನಿಯೋಗವಾಯಿತು. ಅವರ ಹೆಸರಿನ ಶ್ರೀತತ್ತ್ವನಿಧಿಯೆಂಬ ಗ್ರಂಥದ ಒಂಬತ್ತನೆಯ ನಿಧಿಯಾದ ಕೌತುಕನಿಧಿಯು ಇಂತಹ ವಿನೋದಗಳಿಗೂ ಎಡೆಗೊಟ್ಟಿದೆ. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಸಲ ತುಳಿಯದೆ 64 ಮನೆಗಳನ್ನೂ ಸುತ್ತಿಬರುವ ದಾರಿಗಳನ್ನು ಅವರು ಪಟಗಳಾಗಿ ರಚಿಸಿದರು. ಅವುಗಳಲ್ಲಿ ಕೆಲವು ರೇಷ್ಮೆಯ ಮೇಲೆಯೂ ಅಚ್ಚಾದವು. ರಾಜ್ಯದ ನಕ್ಷೆಯು ಪರರ ಪೆಟ್ಟಿಗೆಯಲ್ಲಿದ್ದಾಗ ಅರಸರು ಆಟದ ನಕ್ಷೆಗಳನ್ನು ಬರೆಯುತ್ತಿದ್ದರೆಂಬುದನ್ನು ವಿಧಿವಿಲಾಸವೆನ್ನಬೇಕೋ ವಿವೇಕವೆನ್ನಬೇಕೋ ನಾನರಿಯೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನದ ಮೂಲಕ ಇಂತಹ ಆಟಗಳಿಗೆ ಮರಳಿ ಬಟ್ಟೆಯ ಹಾಸುಗಳನ್ನು ಒದಗಿಸುತ್ತ ಬಂದಿದೆ.

ಆದರೆ ಇವೆಲ್ಲವೂ ಮನೆಗಳ ಪಟಗಳೇ ಹೊರತು ನಾಡಿನ ನಕ್ಷೆಗಳಲ್ಲ. ಇತ್ತೀಚೆಗೆ ನಮ್ಮ ತರುಣರು ಮೇಜಿನ ಸುತ್ತ ಕುಳಿತು ಆಡುವ ಪಾತ್ರಧಾರಣೆಯ ಆಟದಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುವನು. ಉಳಿದವರು ಯೋಧ, ಕಳ್ಳ, ಮಾಂತ್ರಿಕ ಮುಂತಾದ ಒಂದೊಂದು ಪಾತ್ರವನ್ನು ಧರಿಸಿ ದಾಳವನ್ನು ಹಾಕುವರು. ಮೇಜಿನ ಮೇಲೆ ಹಾಸಿರುವುದು ಒಂದು ಕೋಟೆಯ, ಗುಹೆಯ ಅಥವಾ ಕಾಡಿನ ದೊಡ್ಡ ನಕ್ಷೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಜಾತಿಯ ಮೂಲಪುರುಷ. ಈ ನಕ್ಷೆಯ ಪೂರ್ವಜರನ್ನು ಹುಡುಕುತ್ತ ಹೋದರೆ ನಾವು ತಲಪುವುದು ಕ್ರೀಡಾಗಾರಕ್ಕಲ್ಲ. ಸೇನಾಶಿಬಿರಕ್ಕೂ ಕಂದಾಯದ ಕಚೇರಿಗೂ. ಈ ಮಾತಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗಿಂತ ಒಳ್ಳೆಯ ಸಾಕ್ಷಿಯು ದೊರೆಯುವುದು ಕಷ್ಟ.

ಟಿಪ್ಪುವಿನ ಮೇಲಣ ಯುದ್ಧದಲ್ಲಿ 1791ರ ಮಾರ್ಚಿನಲ್ಲಿ ಬೆಂಗಳೂರನ್ನು ಹಿಡಿದ ಇಂಗ್ಲಿಷ್ ದಳಪತಿ ಕಾರ್ನವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟಾಗ, ರಾಮಗಿರಿ ಚನ್ನಪಟ್ಟಣಗಳ ನೇರದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಬಳಸುದಾರಿಯನ್ನು ಹಿಡಿದನು. ಮಳೆಗೂ ಹಸಿವಿಗೂ ಸಿಕ್ಕಿ, ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ನೇರದಾರಿಯನ್ನು ನಿಷ್ಕಂಟಕವಾಗಿ ಮಾಡಿಕೊಳ್ಳದೆ ಗತಿಯಿಲ್ಲವೆಂದು ಮನಗಂಡ ಮೇಲೆ, ಅದರ ಇಕ್ಕೆಲಗಳ ಗಿರಿದುರ್ಗಗಳ ಕಡೆಗೆ ಅವನ ದೃಷ್ಟಿ ಹರಿಯಿತು. ಅವುಗಳಲ್ಲಿ ಅಗ್ರಗಣ್ಯವಾದುದು ಮಾಗಡಿಯ ಸಾವನದುರ್ಗ: 1226 ಮೀಟರು ಎತ್ತರದ ಏಕಶಿಲೆ, ಮೇಲೆ ಕಂದಕದಂತಹ ಸೀಳಿನಿಂದ ಬೇರ್ಪಟ್ಟ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳು, ಬುಡದ ಸುತ್ತಲೂ ಬಿದಿರಿನ ದಟ್ಟಡವಿ. ಕೆಂಪೇಗೌಡರ ವಂಶದ ಕೈಯಿಂದ 1728ರಲ್ಲಿ ಮೈಸೂರಿಗೆ ಸೇರಿದ್ದ ಈ ದುರ್ಗವು, ಆ ಅಡವಿಯನ್ನು ಕಡಿದು ಫಿರಂಗಿಗಳನ್ನು ಎಳೆದು ತಂದ ಇಂಗ್ಲಿಷರ ವಶವಾದುದು 1791ರ ಡಿಸೆಂಬರ್ 21ರಂದು. ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಆ ವಾರದಲ್ಲೇ ಅದೇ ದಾರಿಯನ್ನು ಹಿಡಿದವು.

ಈ ಯುದ್ಧವು ಲಂಡನ್ನಿನಲ್ಲಿ ಮುದ್ರಣದ ಸರಕಾಯಿತೆಂಬುದು ನಮ್ಮ ಪ್ರಸ್ತುತಕ್ಕೆ ಮುಖ್ಯ. ದಂಡಿನಲ್ಲಿದ್ದ ಅಲೆಗ್ಸಾಂಡರ್ ಡೈರೋಮನು 1793ರಲ್ಲಿ ಭೂಪಟಗಳ ಸಹಿತವಾಗಿ ದಂಡಯಾತ್ರೆಯ ವೃತ್ತಾಂತವನ್ನು ಹೊರತಂದನು. ದಂಡಿನೊಡನೆಯೇ ನಡೆದ ಚಿತ್ರಕಾರ ರಾಬರ್ಟ್ ಹೋಮನ ಮೈಸೂರು ದೃಶ್ಯಗಳ ಸಂಪುಟವು 1794ರಲ್ಲಿ ಅಚ್ಚಾಯಿತು. ತಾಮ್ರದ ತಗಡಿನ ಮೇಲೆ ಎಲ್ಲವನ್ನೂ ಎಡಬಲ ಅದಲುಬದಲಾಗಿ ಕೊರೆದು, ಗೀರುಗಳಲ್ಲಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರೆಸಿ, ನೆನೆಸಿದ ಕಾಗದದೊಡನೆ ಉರುಳೆಗಳ ನಡುವೆ ಒತ್ತುವುದು ಅಂದಿನ ಪದ್ಧತಿ. ತಗಡಿನ ಅಳತೆಯೇ ನಕ್ಷೆಯ ಅಳತೆ. ಅದಕ್ಕಿಂತ ದೊಡ್ಡದು ಬೇಕಾದರೆ ಹಲವು ತಗಡುಗಳನ್ನು ಕೊರೆದು, ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ನಾರುಬಟ್ಟೆಯ ಮೇಲೆ ಅಂಟಿಸಬೇಕಾಗಿದ್ದಿತು. ಮಡಿಸಿದಾಗ ಹರಿಯದಿರಲೆಂದು ತುಂಡುತುಂಡಾಗಿ ಕತ್ತರಿಸಿ, ತುಂಡುಗಳ ನಡುವೆ ಕೂದಲೆಳೆಯಷ್ಟು ಎಡೆಯನ್ನು ಬಿಟ್ಟು ಅಂಟಿಸುವ ಜಾಣತನವೂ ಬಳಕೆಯಲ್ಲಿದ್ದಿತು. ದೊಡ್ಡ ನಕ್ಷೆಯ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ಅಂಚುಗಳ ಚರಿತ್ರೆಯೇ ಸರಿ. 1796ರ ಸುಮಾರಿನಲ್ಲಿ ಬವೇರಿಯದ ಸೆನೆಫೆಲ್ಡರನು ಕಂಡುಹಿಡಿದ ಕಲ್ಲಚ್ಚು ಕೊರೆಯುವ ಶ್ರಮವನ್ನು ತಪ್ಪಿಸಿತು. ನಮ್ಮ ಭಾಷೆಯ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಬಿದ್ದುದೂ ಕಲ್ಲಿನಿಂದಲೇ. ಆದರೆ ಕಲ್ಲಿಗೂ ಒಂದು ಅಳತೆಯುಂಟು, ಅದನ್ನು ಎತ್ತುವ ತೋಳಿಗೂ ಉಂಟು.

ಯುದ್ಧವು ಹೋಗಿ ಕಂದಾಯವು ಬಂದಿತು. ಮೈಸೂರು ಸೀಮೆಯ ಮೋಜಣಿಯನ್ನು 1800ರಿಂದ ನಡೆಸಿದ ಕಾಲಿನ್ ಮೆಕೆಂಜಿಯು ಈ ಯುದ್ಧದಲ್ಲಿಯೇ ಇಂಜಿನಿಯರಾಗಿ ದುಡಿದವನು. 1815ರಲ್ಲಿ ಅವನು ಇಡೀ ಹಿಂದೂಸ್ಥಾನಕ್ಕೆ ಪ್ರಥಮ ಸರ್ವೇಯರ್ ಜನರಲ್ ಆದನು. ಆದರೆ ರೈತನ ಹೊಲದ ಬದುವಿನವರೆಗೆ ಇಳಿದು ಬಂದುದು 1863ರಲ್ಲಿ ಆರಂಭವಾದ ಕಂದಾಯದ ಮೋಜಣಿ. 33 ಅಡಿಯ ಸರಪಳಿಯನ್ನು ಹಿಡಿದು ಮೋಜಣಿದಾರನು ಊರೂರನ್ನೂ ಅಳೆದನು. ಆ ಸರಪಳಿಯ ಚೌಕವೇ ಇಂದಿಗೂ ನಮ್ಮ ಗುಂಟೆ. ಹೀಗೆ ಹುಟ್ಟಿದ ಗ್ರಾಮನಕ್ಷೆಯಲ್ಲಿ ಒಂದು ಮೈಲಿಗೆ ಎಂಟು ಅಂಗುಲ, ಅಂದರೆ 1:7920ರ ಪ್ರಮಾಣ. ಒಂದು ಅಂಗುಲದಲ್ಲಿ 660 ಅಡಿ. ಶಾನುಭೋಗರ ಕಟ್ಟಿನಲ್ಲಿ ಸುತ್ತಿಟ್ಟಿರುತ್ತಿದ್ದ ಆ ಹಾಳೆಯಲ್ಲಿ ಕೆರೆ, ಕಾಲುದಾರಿ, ಗುಂಡುತೋಪು, ಸರ್ವೆ ನಂಬರು ಎಲ್ಲವೂ ಕಾಣುತ್ತಿದ್ದುವು.

ಇಲ್ಲಿ ಒಂದು ಸ್ವಾರಸ್ಯವಿದೆ. ಪ್ರಷ್ಯಾ ದೇಶದಲ್ಲಿ ರೈಸ್‌ವಿಟ್ಸ್ ಎಂಬ ಮನೆತನದ ತಂದೆಯು 1812ರಲ್ಲಿ ತನ್ನ ಅರಸನಿಗೆ ಯುದ್ಧದ ಆಟವೊಂದನ್ನು ತೋರಿಸಿದನು. ಗುಡ್ಡ ಹಳ್ಳಗಳನ್ನು ಗಾರೆಯ ಬಿಲ್ಲೆಗಳಲ್ಲಿ ಎತ್ತಿ, ಬಿಲ್ಲೆಗಳನ್ನು ಬೇಕಾದಂತೆ ಜೋಡಿಸುವ ಆ ಮೇಜು ಅರಮನೆಗಷ್ಟೇ ಯೋಗ್ಯವಾದುದು. ಮಗನು 1824ರಲ್ಲಿ ಅದನ್ನು ಪರಿಷ್ಕರಿಸಿ ಪ್ರಕಟಿಸಿದಾಗ ಬಿಲ್ಲೆಗಳನ್ನು ಕೈಬಿಟ್ಟು ಕಾಗದದ ನಕ್ಷೆಯನ್ನು ಹಾಸಿದನು. ಅದರ ಪ್ರಮಾಣ 1:8000. ಸೈನ್ಯದ ಪಡೆಗಳು ಅದೇ ಅಳತೆಯ ಲೋಹದ ತುಂಡುಗಳು, ಗೆಲವು ಸೋಲುಗಳಿಗೆ ದಾಳ, ತೀರ್ಪಿಗೆ ಮಧ್ಯಸ್ಥ. ಇಂದಿನ ಸೂತ್ರಧಾರನು ಈ ಮಧ್ಯಸ್ಥನ ಮೊಮ್ಮಗನೆನ್ನಬಹುದು. ಬರ್ಲಿನ್ನಿನ ಈ ಆಟಕ್ಕೂ ಮಾಗಡಿಯ ಶಾನುಭೋಗರ ಹಾಳೆಗೂ ಯಾವ ಬಾಂಧವ್ಯವೂ ಇಲ್ಲದಿದ್ದರೂ ಪ್ರಮಾಣಗಳು ನೂರಕ್ಕೆ ಒಂದರಷ್ಟೇ ಅಂತರದಲ್ಲಿ ನಿಂತಿವೆ. ಇದು ಕೇವಲ ಕಾಕತಾಳೀಯವೆಂದು ನನಗೆ ತೋರದು. ಎರಡು ಮೈಲಿಯ ಊರೊಂದು ಮೇಜಿನ ಮೇಲೆ ಹಿಡಿಯಬೇಕು, ಆದರೆ ಅದರೊಳಗಿನ ಒಂದು ಹೊಲ, ಒಂದು ಬೇಲಿ, ಒಂದು ಬಾವಿ ಕಣ್ಣಿಗೆ ತಪ್ಪಬಾರದು. ತೆರಿಗೆ ಹಾಕುವವನಿಗೂ ದಾಳಿ ಮಾಡುವವನಿಗೂ ಬೇಕಾದುದು ಇದೇ ಆಗಿರುವಾಗ ಇಬ್ಬರೂ ಒಂದೇ ಅಳತೆಗೆ ಬಂದುದರಲ್ಲಿ ಆಶ್ಚರ್ಯವೇನು? ಆಟಗಾರನು ಇವರಿಬ್ಬರ ಕೈಯಿಂದ ಎರವಲು ಪಡೆದವನು.

ಇನ್ನು ಇಡೀ ಸೀಮೆಯನ್ನೇ ಒಂದು ಮೇಜಿನ ಮೇಲೆ ಹಾಸಬೇಕೆಂಬವನ ಪಾಡನ್ನು ಹೇಳಬೇಕು. ಸರ್ವೆ ಆಫ್ ಇಂಡಿಯಾದ ಲೆಕ್ಕದಲ್ಲಿ ಮೇಲೆ ಹೇಳಿದ ನಾಲ್ಕು ಊರುಗಳೂ 57ಎಚ್ ಎಂಬ ಒಂದೇ ಚೌಕಕ್ಕೆ ಸೇರಿದವು. ಆದರೆ ಆ ಚೌಕವು ಹದಿನಾರು ಹಾಳೆಗಳಾಗಿ ಒಡೆದಿದೆ: ಮಾಗಡಿಯು ಒಂದನೆಯದರಲ್ಲಿ, ಚನ್ನಪಟ್ಟಣವು ಎರಡನೆಯದರಲ್ಲಿ, ಸಾವನದುರ್ಗವು ಐದನೆಯದರಲ್ಲಿ, ರಾಮನಗರ ಕನಕಪುರಗಳು ಆರನೆಯದರಲ್ಲಿ. ಈ ನಾಲ್ಕು ಹಾಳೆಗಳ ಮೂಲೆಗಳು ಕೂಡುವ ಬಿಂದುವು ರಾಮನಗರಕ್ಕೆ ವಾಯವ್ಯದಲ್ಲಿ ಕೆಲವೇ ಮೈಲಿಗಳ ದೂರದಲ್ಲಿದೆ. ಅಂದರೆ ಸಾವನದುರ್ಗದಿಂದ ಹೊರಟು ಚನ್ನಪಟ್ಟಣವನ್ನು ಮುಟ್ಟುವ ಕಥಾನಾಯಕನು ದಾರಿಯಲ್ಲಿ ಕಾಗದದ ಅಂಚನ್ನು ದಾಟಲೇಬೇಕು. 1:50,000ರ ಈ ಹಾಳೆಗಳಲ್ಲಿ ಒಂದೊಂದರ ನಕ್ಷಾಭಾಗದ ಬದಿಯು ಸುಮಾರು 55 ಸೆಂಟಿಮೀಟರು. ನಾಲ್ಕನ್ನೂ ಅಂಚು ಕತ್ತರಿಸಿ ಜೋಡಿಸಿದರೆ ಒಂದು ಮೀಟರಿಗೆ ಮಿಕ್ಕಿದ ಚೌಕ, ಊಟದ ಮೇಜಿಗೆ ಹೇಳಿ ಮಾಡಿಸಿದಂತಹುದು.

ಮುದ್ರಣದ ಕಷ್ಟವು ಈಗ ತೀರಿದೆ. ಜನ್ಮದಿನದ ಶುಭಾಶಯಗಳನ್ನೂ ಜಾತ್ರೆಯ ಸ್ವಾಗತವನ್ನೂ ಆಳೆತ್ತರಕ್ಕೆ ಅಚ್ಚು ಮಾಡುವ ಫ್ಲೆಕ್ಸಿನ ಯಂತ್ರಕ್ಕೆ ತಗಡಿನ ಹಂಗೂ ಇಲ್ಲ, ಕಲ್ಲಿನ ಹಂಗೂ ಇಲ್ಲ. ಗ್ರಾಮನಕ್ಷೆಗಳನ್ನು ಕಂದಾಯ ಇಲಾಖೆಯೇ ಗಣಕಯಂತ್ರದಲ್ಲಿ ತೆರೆದಿಟ್ಟಿದೆ. ತೀರದೆ ಉಳಿದಿರುವುದು ಪ್ರಮಾಣದ ಕಷ್ಟ. ಪಾತ್ರಧಾರಣೆಯ ಆಟದಲ್ಲಿ ಕಾದಾಟಕ್ಕೆ ವಾಡಿಕೆಯಾದ ಅಳತೆ ಒಂದು ಅಂಗುಲಕ್ಕೆ ಐದು ಅಡಿ. ಈ ಲೆಕ್ಕದಲ್ಲಿ ಇಪ್ಪತ್ತು ಅಡಿಯ ಕೋಟೆಬಾಗಿಲು ನಾಲ್ಕು ಅಂಗುಲವಾಗಿ ಸುಖವಾಗಿ ಕೂಡುವುದು. ಸಾವನದುರ್ಗದ ಬಂಡೆಯ ಒಂದು ಕಿಲೋಮೀಟರಿಗೆ ಮಾತ್ರ 54 ಅಡಿಗೂ ಮಿಕ್ಕಿದ ಹಾಸು ಬೇಕಾಗುವುದು. ಆದುದರಿಂದ ಬಲ್ಲ ಸೂತ್ರಧಾರನು ದುರ್ಗವನ್ನೆಲ್ಲ ಶಾನುಭೋಗರ ಅಳತೆಯಲ್ಲಿ ಒಂದು ಹಾಳೆಗೆ ತಂದು, ಬಾಗಿಲು, ಪಾವಟಿಗೆ, ಮದ್ದಿನಮನೆ, ಕೊಳದ ಅಂಚು ಇಷ್ಟನ್ನು ಮಾತ್ರ ಬಿಡಿಬಿಡಿ ತುಂಡುಗಳಲ್ಲಿ ದೊಡ್ಡದಾಗಿ ಅಚ್ಚು ಮಾಡಿಸುವನು. ಹಾಗೆ ಮಾಡುವುದರಲ್ಲಿ ಇನ್ನೊಂದು ಪ್ರಯೋಜನವೂ ಉಂಟು. ಕಂದಾಯದ ನಕ್ಷೆಯು ಎಲ್ಲವನ್ನೂ ಒಮ್ಮೆಗೇ ತೋರಿಸಬೇಕಾದುದು. ಆಟದ ನಕ್ಷೆಯಾದರೋ ತೋರಿಸುವಷ್ಟನ್ನು ಬಚ್ಚಿಡಲೂ ಬೇಕು. ಬಾಗಿಲನ್ನು ಒಡೆದ ಮೇಲೆ ಒಳಗಿನ ಅಂಗಳದ ತುಂಡು ಮೇಜಿಗೆ ಬರುವುದು; ಯಾರೂ ಒಡೆಯದ ಬಾಗಿಲ ಹಿಂದಿನ ತುಂಡು ಆಟ ಮುಗಿದರೂ ಸೂತ್ರಧಾರನ ಚೀಲದಲ್ಲಿಯೇ ಇರುವುದು.